ಚಾವಣಿ ಬದಲಿಸುವ ಕಾಲ ಬಂದಿದೆಯೇ? ನೀವೇ ಪರೀಕ್ಷಿಸಿ ತೀರ್ಮಾನಿಸುವ ಬಗೆ

“ಮನೆ ಸೋರುತ್ತಿದೆ, ಚಾವಣಿಯನ್ನು ಪೂರ್ತಿ ತೆಗೆಸಬೇಕೇ, ದುರಸ್ತಿ ಸಾಕೇ?” ಎಂಬ ಪ್ರಶ್ನೆ ಓದುಗರಿಂದ ಮಳೆಗಾಲಕ್ಕೆ ಮುಂಚೆಯೂ ಬರುತ್ತದೆ, ಮಳೆ ನಿಂತ ಮೇಲೂ ಬರುತ್ತದೆ. ಅದರ ಬೆನ್ನಿಗೇ ಬರುವ ಇನ್ನೊಂದು ಪ್ರಶ್ನೆ: “ಒಂದು ಹನಿಯೂ ಸೋರುತ್ತಿಲ್ಲ, ಆದರೆ ಹಾಕಿಸಿ ಮೂವತ್ತು ವರ್ಷವಾಯಿತು, ಈಗಲೇ ಬದಲಿಸುವುದು ಒಳ್ಳೆಯದೇ?” ಎರಡಕ್ಕೂ ನೋಡದೆಯೇ ಉತ್ತರ ಹೇಳಿಬಿಡುವವರು ಸಾಮಾನ್ಯವಾಗಿ ಆ ಕೆಲಸವನ್ನು ಹಿಡಿಯಲು ಬಂದವರೇ ಆಗಿರುತ್ತಾರೆ.

ಸೋರುವುದೊಂದೇ ಬದಲಾವಣೆಗೆ ಕಾರಣವಲ್ಲ. ಸೋರದಿರುವುದು ಚಾವಣಿ ಗಟ್ಟಿಯಾಗಿದೆ ಎಂಬುದಕ್ಕೆ ಸಾಕ್ಷಿಯೂ ಅಲ್ಲ. ನಾವು ಒಂದೇ ಹೆಸರಿನಿಂದ ಕರೆಯುವ ಚಾವಣಿ ನಿಜದಲ್ಲಿ ನಾಲ್ಕು ವಸ್ತುಗಳ ಕೂಟ: ಬಿಸಿಲು ಮಳೆಗೆ ಮೈಯೊಡ್ಡುವ ಹೊದಿಕೆ (ಹೆಂಚು, ತಗಡು, ಶೀಟು, ಶಿಂಗಲ್), ನೀರು ಒಳಗಿಳಿಯದಂತೆ ತಡೆಯುವ ಪದರ, ಇವನ್ನು ಹಿಡಿದಿಡುವ ಮೊಳೆ, ತಿರುಪು, ಅಂಚಿನ ತಗಡುಗಳಂಥ ಜೋಡಣೆ, ಮತ್ತು ಇಷ್ಟನ್ನೂ ಹೊತ್ತುಕೊಂಡಿರುವ ಮರದ, ಉಕ್ಕಿನ ಅಥವಾ ಕಾಂಕ್ರೀಟಿನ ಎಲುಬುಗೂಡು. ಈ ನಾಲ್ಕರ ಆಯಸ್ಸೂ ಬೇರೆ ಬೇರೆ. ಹೆಂಚು ಚೆನ್ನಾಗಿದ್ದು ಅದು ಕೂತಿರುವ ರೀಪು (ಅಡ್ಡ ಮರದ ಪಟ್ಟಿ) ಕೊಳೆತಿರಬಹುದು. ತಗಡು ಹೊಸದರಂತಿದ್ದು ತಿರುಪಿನ ರಬ್ಬರ್ ಬಿಲ್ಲೆ ಸತ್ತಿರಬಹುದು. ಆದ್ದರಿಂದ ನೀವು ಕೇಳಿಕೊಳ್ಳಬೇಕಾದದ್ದು “ಚಾವಣಿ ಹಾಳಾಗಿದೆಯೇ?” ಎಂದಲ್ಲ, “ಯಾವ ಪದರದ ಆಯಸ್ಸು ಮುಗಿದಿದೆ?” ಎಂದು. ಮುಂದಿನ ಹಂತಗಳೆಲ್ಲ ಈ ಒಂದು ಪ್ರಶ್ನೆಗೆ ಉತ್ತರ ಹುಡುಕುವ ದಾರಿಗಳು.

ಬೇಕಾಗುವ ವಸ್ತುಗಳು

ಬೆಳಕು ಚೆನ್ನಾಗಿರುವ ಟಾರ್ಚು, ಚಪ್ಪಟೆ ತುದಿಯ ಸ್ಕ್ರೂಡ್ರೈವರ್, ಸಣ್ಣ ಸುತ್ತಿಗೆ, ಪೆನ್ಸಿಲ್, ಅಳತೆ ಟೇಪು, ಗಟ್ಟಿ ದಾರದ ಉಂಡೆ, ಪಾರದರ್ಶಕ ಪ್ಲಾಸ್ಟಿಕ್ ಹಾಳೆ ಮತ್ತು ಅಗಲವಾದ ಅಂಟುಪಟ್ಟಿ. ಬೈನಾಕ್ಯುಲರ್ ಇದ್ದರೆ ಒಳ್ಳೆಯದು. ಇಲ್ಲದಿದ್ದರೆ ಮೊಬೈಲ್ ಕ್ಯಾಮೆರಾವನ್ನು ಹಿಗ್ಗಿಸಿ ತೆಗೆದ ಚಿತ್ರಗಳು ಸಾಕು. ಒಂದು ನೋಟ್‌ಬುಕ್ ಇರಲಿ, ಏಕೆಂದರೆ ಕಂಡದ್ದನ್ನು ದಿನಾಂಕದೊಂದಿಗೆ ಬರೆದಿಟ್ಟುಕೊಳ್ಳದವರು ಮರುವರ್ಷ ಅದೇ ಬಿರುಕನ್ನು ನೋಡಿ ಅದು ಬೆಳೆದಿದೆಯೋ ಇಲ್ಲವೋ ಎಂದು ಹೇಳಲಾರರು.

ಎಚ್ಚರಿಕೆ: ಇಳಿಜಾರು ಚಾವಣಿಯ ಮೇಲೆ ನೀವು ಹತ್ತಬೇಕಾದ ಅಗತ್ಯವೇ ಇಲ್ಲ. ತಿಳಿಯಬೇಕಾದದ್ದರಲ್ಲಿ ಬಹುಪಾಲು ಒಳಗಿನಿಂದ, ನೆಲದಿಂದ ಮತ್ತು ಏಣಿಯ ಮೇಲಿನಿಂದಲೇ ತಿಳಿಯುತ್ತದೆ. ಏಣಿಯನ್ನು ಪ್ರತಿ 4 ಅಡಿ ಎತ್ತರಕ್ಕೆ 1 ಅಡಿ ಬುಡ ಹೊರಗಿರುವಂತೆ ನಿಲ್ಲಿಸಿ, ಕೆಳಗೆ ಒಬ್ಬರು ಹಿಡಿದಿರಲಿ. ಸಿಮೆಂಟ್ ಶೀಟಿನ ಮೇಲೆ ಮತ್ತು ಬೆಳಕಿಗೆಂದು ಹಾಕಿದ ಪಾರದರ್ಶಕ ಶೀಟಿನ ಮೇಲೆ ಯಾವ ಕಾರಣಕ್ಕೂ ಕಾಲಿಡಬೇಡಿ. ನೋಡಲು ಗಟ್ಟಿಯಾಗಿ ಕಾಣುವ ಹಳೆಯ ಶೀಟು ಮುನ್ಸೂಚನೆಯಿಲ್ಲದೆ ಮುರಿಯುತ್ತದೆ.

1. ಚಾವಣಿಯ ಬಗೆ ಮತ್ತು ವಯಸ್ಸನ್ನು ಗೊತ್ತುಮಾಡಿಕೊಳ್ಳಿ

ಹೊದಿಕೆ ಯಾವುದು, ಯಾವಾಗ ಹಾಕಿದ್ದು, ಆಮೇಲೆ ಏನೇನು ದುರಸ್ತಿ ನಡೆದಿದೆ ಎಂಬುದನ್ನು ಬರೆದುಕೊಳ್ಳಿ. ಸ್ಥೂಲವಾಗಿ ಹೇಳುವುದಾದರೆ, ಡಾಂಬರು ಶಿಂಗಲ್ (ಡಾಂಬರು ಲೇಪಿಸಿ ಮೇಲೆ ಕಲ್ಲಿನ ಹರಳು ಅಂಟಿಸಿದ ತೆಳು ಹಾಳೆ) 15ರಿಂದ 30 ವರ್ಷ ಬಾಳುತ್ತದೆ. ಒಳ್ಳೆಯ ಲೇಪನವಿರುವ ಲೋಹದ ತಗಡು 30ರಿಂದ 50 ವರ್ಷ. ಚೆನ್ನಾಗಿ ಬೆಂದ ಮಣ್ಣಿನ ಹೆಂಚು 50 ವರ್ಷ ದಾಟುವುದು ಸಾಮಾನ್ಯ, 100 ವರ್ಷ ಮುಟ್ಟುವುದೂ ಅಪರೂಪವಲ್ಲ. ಕಾಂಕ್ರೀಟ್ ತಾರಸಿ 50 ವರ್ಷಕ್ಕೂ ಹೆಚ್ಚು ಬಾಳಬಲ್ಲದು, ಆದರೆ ಅದರ ಮೇಲಿನ ನೀರು ತಡೆಯುವ ಲೇಪನಕ್ಕೆ ಬಗೆಯನ್ನು ನೋಡಿಕೊಂಡು 5ರಿಂದ 15 ವರ್ಷದ ಆಯಸ್ಸಷ್ಟೇ.

ಈ ಅಂಕಿಗಳನ್ನು ತೀರ್ಪು ಎಂದು ತಿಳಿಯಬೇಡಿ. ಬಿಸಿಲು ಹೆಚ್ಚು ಬೀಳುವ ಇಳಿಜಾರು ಎದುರಿನ ಇಳಿಜಾರಿಗಿಂತ ಮೊದಲೇ ಮುಪ್ಪಾಗುತ್ತದೆ. ಉಪ್ಪುಗಾಳಿಗೆ ಒಡ್ಡಿದ ತಗಡು ಒಣ ಪ್ರದೇಶದ ತಗಡಿನ ಅರ್ಧ ಕಾಲವೂ ಬಾಳದಿರಬಹುದು. ವಯಸ್ಸು ಹೇಳುವುದು ಎಷ್ಟು ಜಾಗರೂಕತೆಯಿಂದ ನೋಡಬೇಕು ಎಂಬುದನ್ನು ಮಾತ್ರ. ಆಯಸ್ಸಿನ ಮೂರನೇ ಎರಡು ಭಾಗ ಕಳೆದ ಚಾವಣಿಯನ್ನು ವರ್ಷಕ್ಕೆರಡು ಸಲ, ಮಳೆಗೆ ಮೊದಲೊಮ್ಮೆ ಮತ್ತು ಮಳೆಯ ನಂತರವೊಮ್ಮೆ, ಪರೀಕ್ಷಿಸುವುದು ಒಳ್ಳೆಯದು.

2. ಮೊದಲು ಒಳಗಿನಿಂದ ನೋಡಿ

ಹೆಚ್ಚಿನವರು ನೇರವಾಗಿ ಮೇಲೆ ಹತ್ತುತ್ತಾರೆ. ಆದರೆ ಚಾವಣಿಯ ಇತಿಹಾಸ ಬರೆದಿರುವುದು ಅದರ ಕೆಳಮೈಯಲ್ಲಿ. ಅಟ್ಟವಿದ್ದರೆ ಹಗಲಿನಲ್ಲಿ ಅಲ್ಲಿಗೆ ಹೋಗಿ ದೀಪವಾರಿಸಿ ಎರಡು ನಿಮಿಷ ಸುಮ್ಮನೆ ನಿಲ್ಲಿ. ಕಣ್ಣು ಕತ್ತಲೆಗೆ ಹೊಂದಿಕೊಂಡ ಮೇಲೆ, ಬೆಳಕು ಬರಬಾರದ ಕಡೆಯಿಂದ ಬರುವ ಸೂಜಿಮೊನೆಯಷ್ಟು ಬೆಳಕೂ ಕಾಣುತ್ತದೆ. ಹೆಂಚಿನ ಸಾಲುಗಳ ನಡುವೆ ಓರೆಯಾಗಿ ಸ್ವಲ್ಪ ಬೆಳಕು ನುಸುಳುವುದು ಸಹಜ. ಮೇಲಿನಿಂದ ನೆಟ್ಟಗೆ ಬೀಳುವ ಬೆಳಕಿನ ಕೋಲು ಮಾತ್ರ ಒಡಕಿನ ಗುರುತು.

ನಂತರ ಟಾರ್ಚನ್ನು ಮೇಲ್ಮೈಗೆ ನೇರವಾಗಿ ಬಿಡದೆ, ಪಕ್ಕದಿಂದ ಸವರಿಕೊಂಡು ಹೋಗುವಂತೆ ಬಿಡಿ. ಉಬ್ಬು, ತಗ್ಗು, ಸಿಪ್ಪೆಯೆದ್ದ ಬಣ್ಣ, ಮೊಳೆಯ ಸುತ್ತಲಿನ ಕಪ್ಪು ಉಂಗುರ ಇವೆಲ್ಲ ಹಾಗೆ ನೋಡಿದಾಗ ಎದ್ದು ಕಾಣುತ್ತವೆ. ಕಲೆಯ ಅಂಚನ್ನು ಗಮನಿಸಿ. ಒಂದರೊಳಗೊಂದು ಬಳೆಗಳಂತೆ ಕಂದು ಗೆರೆಗಳಿದ್ದರೆ ಆ ಜಾಗ ಹಲವು ಸಲ ನೆನೆದು ಒಣಗಿದೆ ಎಂದರ್ಥ. ಒಂದೇ ಗೆರೆಯಿದ್ದು ಮುಟ್ಟಿದರೆ ಒಣಗಿದ್ದರೆ ಅದು ಹಿಂದೆಂದೋ ಸರಿಪಡಿಸಿದ ಸೋರಿಕೆಯ ಗುರುತಾಗಿರಬಹುದು. ಕಲೆಯ ಸುತ್ತ ಪೆನ್ಸಿಲಿನಿಂದ ಗೆರೆ ಎಳೆದು ದಿನಾಂಕ ಬರೆಯಿರಿ. ಮುಂದಿನ ದೊಡ್ಡ ಮಳೆಯ ನಂತರ ಕಲೆ ಗೆರೆಯನ್ನು ದಾಟಿತೋ ಇಲ್ಲವೋ ನೋಡಿ.

3. ನೀರು ಚಾವಣಿಯಿಂದಲೇ ಬರುತ್ತಿದೆಯೇ ಎಂದು ಖಚಿತಪಡಿಸಿಕೊಳ್ಳಿ

ಅನೇಕರು ಎಡವುವುದು ಇಲ್ಲೇ. ನಾನೇ ಒಮ್ಮೆ ತಾರಸಿಗೆ ಮೂರು ಸಲ ಲೇಪನ ಹಾಕಿಸಿದ ಮೇಲೆ ಗೊತ್ತಾದದ್ದು, ನೀರು ಬರುತ್ತಿದ್ದುದು ಟ್ಯಾಂಕಿನ ಪೈಪಿನ ಬಿರುಕಿನಿಂದ ಎಂದು. ಮಳೆಯಿಲ್ಲದ ದಿನಗಳಲ್ಲೂ ಕಲೆ ಒದ್ದೆಯಾಗಿದ್ದರೆ ಚಾವಣಿಗಿಂತ ಮೊದಲು ಪೈಪು ಮತ್ತು ಟ್ಯಾಂಕನ್ನು ಅನುಮಾನಿಸಿ.

ಮೂರನೆಯ ಸಾಧ್ಯತೆ ಆವಿ. ಅಡುಗೆಮನೆ ಮತ್ತು ಬಚ್ಚಲಿನ ಬಿಸಿ ಆವಿ ತಣ್ಣನೆಯ ತಗಡಿಗೋ ಕಾಂಕ್ರೀಟಿಗೋ ತಾಗಿ ಹನಿಗಟ್ಟುತ್ತದೆ. ಅದು ಸೋರಿಕೆಯಂತೆಯೇ ತೊಟ್ಟಿಕ್ಕುತ್ತದೆ. ಇದನ್ನು ಬೇರ್ಪಡಿಸಲು ಕಾಂಕ್ರೀಟ್ ಚಾವಣಿಯ ಕೆಳಮೈಗೆ ಸುಮಾರು 45 ಸೆಂಟಿಮೀಟರ್ ಚೌಕದ ಪ್ಲಾಸ್ಟಿಕ್ ಹಾಳೆಯನ್ನು ನಾಲ್ಕೂ ಅಂಚು ಬಿಗಿಯಾಗುವಂತೆ ಅಂಟಿಸಿ ಒಂದು ದಿನ ಬಿಡಿ. ಹಾಳೆಯ ಕೋಣೆ ಕಡೆಯ ಮೈಯಲ್ಲಿ ಹನಿ ಕಟ್ಟಿದರೆ ಅದು ಕೋಣೆಯ ಆವಿ. ಹಾಳೆ ಮತ್ತು ಚಾವಣಿಯ ನಡುವೆ ಹನಿ ಕಟ್ಟಿದರೆ ಕಾಂಕ್ರೀಟಿನೊಳಗಿನ ತೇವವೇ ಹೊರಬರುತ್ತಿದೆ. ಮೊದಲನೆಯದಕ್ಕೆ ಬೇಕಾದದ್ದು ಹೊಸ ಚಾವಣಿಯಲ್ಲ, ಗಾಳಿಯಾಡಲು ಒಂದು ಕಿಂಡಿ.

ನೀರು ಮೇಲಿನಿಂದಲೇ ಬರುತ್ತಿದೆ ಎಂದಾದರೆ ಅದು ಒಳಹೊಕ್ಕ ಜಾಗವನ್ನು ಹುಡುಕಿ. ಕಲೆಯ ನೇರ ಮೇಲೆಯೇ ತೂತಿರಬೇಕೆಂದಿಲ್ಲ. ಇಳಿಜಾರು ಚಾವಣಿಯಲ್ಲಿ ನೀರು ಪಕಾಸಿನ (ನೆತ್ತಿಯಿಂದ ಸೂರಿನವರೆಗೆ ಇಳಿಯುವ ಓರೆ ಮರದ) ಗುಂಟ ಹಲವು ಅಡಿ ಹರಿದು ಬಂದು ಬೇರೆಲ್ಲೋ ತೊಟ್ಟಿಕ್ಕುತ್ತದೆ. ಒಣ ದಿನದಲ್ಲಿ ಒಬ್ಬರು ಒಳಗೆ ನಿಲ್ಲಲಿ, ಇನ್ನೊಬ್ಬರು ಹೊರಗೆ ಏಣಿಯ ಮೇಲಿನಿಂದ ಪೈಪಿನಲ್ಲಿ ನೀರು ಬಿಡಲಿ. ಸೂರಿನ ಬಳಿಯಿಂದ ಆರಂಭಿಸಿ ಪ್ರತಿ ಜಾಗಕ್ಕೂ 10ರಿಂದ 15 ನಿಮಿಷ ಕೊಟ್ಟು ಮೆಲ್ಲಗೆ ಮೇಲಕ್ಕೆ ಸಾಗಿ. ಮೇಲಿನಿಂದ ಆರಂಭಿಸಿದರೆ ನೀರು ಇಡೀ ಚಾವಣಿಯ ಮೇಲೆ ಹರಿದು, ಯಾವ ತೂತಿನಿಂದ ಒಳಬಂತೆಂಬುದು ತಿಳಿಯದೇ ಹೋಗುತ್ತದೆ.

4. ನೆಲದ ಮೇಲೆ ನಿಂತು ನೋಡಿ

ರಸ್ತೆಯ ಆಚೆ ಬದಿಗೆ ಹೋಗಿ ನಿಂತು ಚಾವಣಿಯ ನೆತ್ತಿಯನ್ನು (ಎರಡು ಇಳಿಜಾರುಗಳು ಮೇಲೆ ಕೂಡುವ ಗೆರೆಯನ್ನು) ನೋಡಿ. ಅದು ನೇರವಾಗಿರಬೇಕು. ಹಗ್ಗ ಜೋತುಬಿದ್ದಂತೆ ನಡುವೆ ಬಾಗಿದ್ದರೆ ದೋಷ ಹೊದಿಕೆಯಲ್ಲಿಲ್ಲ, ಎಲುಬುಗೂಡಿನಲ್ಲಿದೆ. ಅನುಮಾನವಿದ್ದರೆ ಅಟ್ಟದೊಳಗೆ ನೆತ್ತಿಯ ತೊಲೆಯ ಎರಡು ತುದಿಗಳ ನಡುವೆ ದಾರವನ್ನು ಬಿಗಿಯಾಗಿ ಕಟ್ಟಿ, ನಡುವೆ ತೊಲೆಗೂ ದಾರಕ್ಕೂ ಇರುವ ಅಂತರವನ್ನು ಅಳೆದು ಬರೆದಿಡಿ. ಆರು ತಿಂಗಳ ಬಳಿಕ ಮತ್ತೆ ಅಳೆಯಿರಿ. ಹಳೆಯ ಮರ ಎಂದೋ ಸ್ವಲ್ಪ ಬಾಗಿ ಅಲ್ಲಿಗೇ ನಿಂತಿರುವುದುಂಟು. ಅಂತರ ಬೆಳೆಯುತ್ತಾ ಹೋದರೆ ಮಾತ್ರ ಅದು ತುರ್ತು ಸಂಗತಿ.

ಆಮೇಲೆ ಎರಡು ಇಳಿಜಾರುಗಳು ಸೇರುವ ಒಳಮೂಲೆ, ಚಾವಣಿ ಗೋಡೆಗೆ ತಾಗುವ ಸಂದು, ಹೊಗೆಗೂಡಿನ ಬುಡ, ಪೈಪು ತೂರಿಬಂದ ಜಾಗ ಇವನ್ನು ನೋಡಿ. ಹೊಸ ಚಾವಣಿ ಕೂಡ ಮೊದಲು ಸೋರುವುದು ಇಂಥ ಸಂದುಗಳಲ್ಲೇ. ಇಲ್ಲಿ ಮಾತ್ರ ಸೋರುತ್ತಿದ್ದರೆ ಸಂದಿನ ತಗಡನ್ನು ಬದಲಿಸಿದರೆ ಮುಗಿಯಿತು. ಇಡೀ ಚಾವಣಿ ತೆಗೆಸಿ ಎಂದವರನ್ನು ನಂಬಬೇಡಿ. ಮಳೆನೀರಿನ ದಂಬೆಯಲ್ಲಿ ಎಲೆ ಕಟ್ಟಿಕೊಂಡಿದೆಯೇ ಎಂದೂ ನೋಡಿ. 100 ಚದರ ಮೀಟರ್ ಚಾವಣಿಯ ಮೇಲೆ 20 ಮಿಲಿಮೀಟರ್ ಮಳೆ ಬಿದ್ದರೆ 2,000 ಲೀಟರ್ ನೀರು. ಇಷ್ಟಕ್ಕೆ ದಾರಿ ಕಟ್ಟಿದ್ದರೆ ಅದು ಹಿಂದಕ್ಕೆ ಹೊರಳಿ ಗೋಡೆಯ ನೆತ್ತಿಗೇ ಇಳಿಯುತ್ತದೆ.

5. ಹೊದಿಕೆಯನ್ನು ಅದರದರ ಬಗೆಗೆ ತಕ್ಕಂತೆ ಪರೀಕ್ಷಿಸಿ

ಮಣ್ಣಿನ ಹೆಂಚು. ಸೂರಿನ ಬಳಿಯ ಒಂದು ಹೆಂಚನ್ನು ಇಳಿಸಿ, ಒಂದು ಕೈಯಲ್ಲಿ ತೂಗುಬಿಟ್ಟು ಹಿಡಿದು ಬೆರಳ ಗೆಣ್ಣಿನಿಂದ ಬಡಿಯಿರಿ. ಚೆನ್ನಾಗಿರುವ ಹೆಂಚು ಟಣ್ಣೆಂದು ಗಂಟೆಯಂತೆ ಮೊಳಗುತ್ತದೆ. ಕಣ್ಣಿಗೆ ಕಾಣದ ಬಿರುಕಿದ್ದರೂ ಸದ್ದು ದೊಪ್ಪೆಂದು ಸಾಯುತ್ತದೆ. ಕೆಳಮೈಯನ್ನು ಉಗುರಿನಿಂದ ಕೆರೆದಾಗ ಪದರ ಪದರವಾಗಿ ಉದುರಿದರೆ ಹೆಂಚು ಸತ್ತಿದೆ. ಇನ್ನೊಂದು ಪರೀಕ್ಷೆಯಿದೆ. ಒಣಗಿದ ಹೆಂಚನ್ನು ತೂಗಿ, 24 ಗಂಟೆ ನೀರಿನಲ್ಲಿ ಮುಳುಗಿಸಿಟ್ಟು, ಮೇಲ್ಮೈ ಒರೆಸಿ ಮತ್ತೆ ತೂಗಿ. ತೂಕ ಐದನೇ ಒಂದು ಭಾಗಕ್ಕಿಂತ ಹೆಚ್ಚಾಗಿದ್ದರೆ ಆ ಹೆಂಚು ನೀರು ತಡೆಯುವ ಬದಲು ಕುಡಿಯುತ್ತಿದೆ. ಬೇರೆ ಬೇರೆ ಜಾಗದಿಂದ ಏಳೆಂಟು ಹೆಂಚುಗಳನ್ನು ಹೀಗೆ ನೋಡಿದರೆ ಒಟ್ಟು ಸ್ಥಿತಿ ತಿಳಿಯುತ್ತದೆ.

ಹೆಂಚಿನ ಮನೆಯಲ್ಲಿ ಮೊದಲು ಸೋಲುವುದು ಸಾಮಾನ್ಯವಾಗಿ ಹೆಂಚಲ್ಲ, ಅದು ಕೂತಿರುವ ರೀಪು (ಪಕಾಸಿಗೆ ಅಡ್ಡಲಾಗಿ ಹೊಡೆದ ಪಟ್ಟಿ). ಅಂಥಲ್ಲಿ ಹೆಂಚು ಇಳಿಸಿ, ರೀಪು ಬದಲಿಸಿ, ಒಡೆದವನ್ನು ಮಾತ್ರ ತೆಗೆದು ಉಳಿದವನ್ನು ಮತ್ತೆ ಏರಿಸಬಹುದು. ಬರಿಯ ಜರುಗಿದ ಹೆಂಚುಗಳಾದರೆ ಹೆಂಚು ಕೈಯಾಡಿಸಿದರೆ (ಸಾಲು ಸಾಲಾಗಿ ಎತ್ತಿ, ಕಸ ತೆಗೆದು, ಸರಿಯಾಗಿ ಕೂರಿಸಿದರೆ) ಸಾಕು. ಪಾಚಿಯನ್ನು ತೆಗೆಯಲು ರಭಸದ ನೀರಿನ ಯಂತ್ರ ಬಳಸಬೇಡಿ. ಅದು ಪಾಚಿಯ ಜೊತೆಗೆ ಹೆಂಚಿನ ಗಟ್ಟಿ ಮೇಲ್ಪದರವನ್ನೂ ಕಿತ್ತೊಯ್ಯುತ್ತದೆ.

ಲೋಹದ ತಗಡು. ಸತು ಲೇಪಿಸಿದ ಉಕ್ಕಿನ ತಗಡಿನ ಮೇಲೆ ಮೊದಲು ಕಾಣುವ ಬಿಳಿ ಪುಡಿ ಸತುವಿನ ತುಕ್ಕು. ಅದು ಎಚ್ಚರಿಕೆ ಮಾತ್ರ. ಕೆಂಪು ತುಕ್ಕು ಕಂಡಿತೆಂದರೆ ಸತು ಮುಗಿದು ಉಕ್ಕನ್ನೇ ತಿನ್ನತೊಡಗಿದೆ ಎಂದರ್ಥ. ಅಲ್ಲಲ್ಲಿ ಬೊಟ್ಟಿನಷ್ಟು ಕೆಂಪಿದ್ದರೆ ಉಜ್ಜಿ ಬಣ್ಣ ಬಳಿಯಬಹುದು. ಎರಡು ತಗಡುಗಳು ಒಂದರ ಮೇಲೊಂದು ಬರುವ ಅಂಚನ್ನು ಮೊದಲು ನೋಡಿ. ನೀರು ಅಲ್ಲಿ ಸೇರಿಕೊಂಡು ಒಣಗದೆ ಉಳಿಯುವುದರಿಂದ ತೂತು ಬೀಳುವುದು ಅಲ್ಲೇ. ಸ್ಕ್ರೂಡ್ರೈವರ್ ತುದಿಯಿಂದ ಒತ್ತಿದರೆ ತಗಡು ತೂತಾಗುವಂತಿದ್ದರೆ ಬಣ್ಣದಿಂದ ಪ್ರಯೋಜನವಿಲ್ಲ.

ತಿರುಪಿನ ತಲೆಯ ಕೆಳಗಿನ ರಬ್ಬರ್ ಬಿಲ್ಲೆ ಬಿಸಿಲಿಗೆ ಒಣಗಿ ಒಡೆಯುವುದು ತಗಡು ಮುಪ್ಪಾಗುವುದಕ್ಕಿಂತ ಎಷ್ಟೋ ಮೊದಲು. ಆದ್ದರಿಂದ 15 ವರ್ಷದ ತಗಡು ಹತ್ತಾರು ಕಡೆ ತೊಟ್ಟಿಕ್ಕುತ್ತಿದ್ದು ತುಕ್ಕು ಮಾತ್ರ ಇಲ್ಲದಿದ್ದರೆ, ಹಳೆಯದಕ್ಕಿಂತ ಒಂದು ಅಳತೆ ಹೆಚ್ಚು ದಪ್ಪದ ಹೊಸ ತಿರುಪುಗಳನ್ನು ಹಾಕಿಸಿ ನೋಡಿ. ತಗಡನ್ನು ಚಾವಣಿಯ ಮೇಲೆಯೇ ಗ್ರೈಂಡರಿನಿಂದ ಕತ್ತರಿಸಲು ಬಿಡಬೇಡಿ. ಕಿಡಿಯಾಗಿ ಹಾರಿದ ಉಕ್ಕಿನ ಚೂರುಗಳು ಲೇಪನದೊಳಗೆ ಕಚ್ಚಿಕೊಂಡು, ಮೊದಲ ಮಳೆಗೇ ಹೊಸ ತಗಡಿನ ತುಂಬ ಕೆಂಪು ಚುಕ್ಕೆ ಏಳುತ್ತವೆ.

ಸಿಮೆಂಟ್ ಶೀಟು. ಹಳೆಯ ಸಿಮೆಂಟ್ ಶೀಟಿನಲ್ಲಿ ಕಲ್ನಾರು (ಕಲ್ಲಿನಿಂದ ತೆಗೆದ ಸೂಕ್ಷ್ಮ ನಾರು) ಇರುವ ಸಾಧ್ಯತೆ ಬಹಳ ಹೆಚ್ಚು. ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ ಎಲ್ಲ ಬಗೆಯ ಕಲ್ನಾರನ್ನೂ ಮನುಷ್ಯರಲ್ಲಿ ಕ್ಯಾನ್ಸರ್ ತರುವ ವಸ್ತುಗಳ ಮೊದಲ ಗುಂಪಿಗೆ ಸೇರಿಸಿದೆ. ರೋಗ ಕಾಣಿಸಿಕೊಳ್ಳುವುದು ಉಸಿರಾಡಿದ ಹತ್ತಾರು ವರ್ಷಗಳ ಮೇಲೆ. ಮೇಲ್ಮೈ ಗಟ್ಟಿಯಾಗಿರುವ, ಬಿರುಕಿಲ್ಲದ ಶೀಟು ತನ್ನಷ್ಟಕ್ಕೆ ನಾರು ಬಿಡುವುದು ಕಡಿಮೆ. ಮೇಲ್ಮೈ ಸವೆದು ನಾರಿನ ನವಿರು ಕಾಣುತ್ತಿದ್ದರೆ, ಅಂಚುಗಳು ಪುಡಿಯಾಗುತ್ತಿದ್ದರೆ, ಬದಲಿಸುವ ಕಾಲ ಬಂದಿದೆ. ಇಂಥ ಶೀಟನ್ನು ಉಜ್ಜುವುದು, ಕೊರೆಯುವುದು, ಗರಗಸದಿಂದ ಕೊಯ್ಯುವುದು, ಒಡೆದು ಕೆಳಗೆ ಎಸೆಯುವುದು ಯಾವುದೂ ಕೂಡದು. ನೀರಿನಿಂದ ನೆನೆಸಿ, ತಿರುಪು ಬಿಚ್ಚಿ, ಇಡಿಯಾಗಿ ಇಳಿಸಿ, ದಪ್ಪ ಪ್ಲಾಸ್ಟಿಕ್‌ನಲ್ಲಿ ಸುತ್ತಿ, ನಿಮ್ಮ ಪ್ರದೇಶದ ನಿಯಮದಂತೆ ವಿಲೇವಾರಿ ಮಾಡಬೇಕು. ತರಬೇತಿಯಿರುವವರೇ ಮಾಡಬೇಕಾದ ಕೆಲಸವಿದು. ಇಲ್ಲಿ ಹಣ ಉಳಿಸಲು ಹೋಗಬೇಡಿ.

ಡಾಂಬರು ಶಿಂಗಲ್. ದಂಬೆಯಲ್ಲಿ ಕಲ್ಲಿನ ಹರಳು ರಾಶಿಯಾಗಿ ಸೇರುತ್ತಿದ್ದರೆ, ಹಾಳೆಗಳ ಅಂಚು ಮೇಲಕ್ಕೆ ಸುರುಳಿಯಾಗಿದ್ದರೆ, ಹರಳುದುರಿ ಕಪ್ಪು ಮೈ ಕಾಣುತ್ತಿದ್ದರೆ ಅವಧಿ ಮುಗಿಯಿತು. ಹೊಸದಾಗಿ ಹಾಕಿದ ಮೊದಲ ವರ್ಷ ಒಂದಿಷ್ಟು ಹರಳು ಉದುರುವುದು ಸಹಜ.

ಕಾಂಕ್ರೀಟ್ ತಾರಸಿ. ಇದನ್ನು ತುಸು ವಿವರವಾಗಿ ನೋಡಬೇಕು, ಏಕೆಂದರೆ ಇಲ್ಲಿ ಜನರು ಎರಡು ತುದಿಗಳಿಗೆ ಹೋಗುತ್ತಾರೆ: ಕೆಲವರು ಬಣ್ಣದಲ್ಲಿ ಮೂಡಿದ ಕೂದಲೆಳೆಯಂಥ ಬಿರುಕಿಗೇ ಕಂಗಾಲಾಗುತ್ತಾರೆ, ಕೆಲವರು ಕಂಬಿ ಹೊರಬಂದರೂ ಗಾರೆ ಮೆತ್ತಿ ಮುಚ್ಚುತ್ತಾರೆ. ಕಾಂಕ್ರೀಟಿನೊಳಗಿನ ಉಕ್ಕಿನ ಕಂಬಿಯನ್ನು ಕಾಪಾಡುವುದು ಸಿಮೆಂಟಿನ ಕ್ಷಾರಗುಣ. ವರ್ಷಗಳು ಕಳೆದಂತೆ ಗಾಳಿಯ ಇಂಗಾಲದ ಡೈಆಕ್ಸೈಡ್ ಒಳನುಸುಳಿ ಆ ಗುಣವನ್ನು ಮೇಲ್ಮೈಯಿಂದ ಒಳಕ್ಕೆ ಕುಗ್ಗಿಸುತ್ತಾ ಬರುತ್ತದೆ. ಅದು ಕಂಬಿಯನ್ನು ಮುಟ್ಟಿದ ಮೇಲೆ ತೇವವೂ ಸೇರಿದರೆ ತುಕ್ಕು ಆರಂಭ. ತುಕ್ಕು ತಾನು ತಿಂದ ಉಕ್ಕಿಗಿಂತ ಎರಡು ಪಟ್ಟಿಗೂ ಹೆಚ್ಚು ಜಾಗ ಬೇಡುತ್ತದೆ. ಆ ಒತ್ತಡಕ್ಕೆ ಕೆಳಗಿನ ಕಾಂಕ್ರೀಟ್ ಚಕ್ಕೆ ಎದ್ದು ಬೀಳುತ್ತದೆ. ಮಂಚದ ಮೇಲೆ ಬಿದ್ದ ಚಕ್ಕೆಯನ್ನು ಎತ್ತಿ ನೋಡಿ: ಅದರ ಒಳಮೈಯಲ್ಲಿ ಅರ್ಧ ಕೊಳವೆಯಂಥ ಕಂದು ಅಚ್ಚು ಇದ್ದರೆ, ಅದು ಕಂಬಿ ಕೂತಿದ್ದ ಜಾಗ. ಅಚ್ಚಿಲ್ಲದೆ ಬರಿಯ ತೆಳು ಗಾರೆಯಾಗಿದ್ದರೆ ಬಿದ್ದದ್ದು ಪ್ಲಾಸ್ಟರ್ ಮಾತ್ರ.

ಕೆಳಮೈಯನ್ನು ಸುತ್ತಿಗೆಯಿಂದ ಮೆಲ್ಲಗೆ ತಟ್ಟುತ್ತಾ ಹೋಗಿ; ಪೊಳ್ಳು ಸದ್ದು ಬಂದ ಕಡೆ ಗುರುತು ಹಾಕಿ. ದಿಕ್ಕು ದಿಸೆಯಿಲ್ಲದ ಜೇಡರಬಲೆಯಂಥ ಬಿರುಕು ಪ್ಲಾಸ್ಟರಿನದು. ಸಮಾನ ಅಂತರದಲ್ಲಿ ನೇರ ಗೆರೆಗಳಂತೆ ಓಡುವ, ಕಂದು ಕಲೆಯಿರುವ ಬಿರುಕು ಕಂಬಿಯ ಗುಂಟ ಬಂದದ್ದು. ಅದನ್ನು ಕಂಡರೆ ರಚನಾ ಎಂಜಿನಿಯರನ್ನು (ಕಟ್ಟಡದ ಬಲವನ್ನು ಲೆಕ್ಕ ಹಾಕುವವರನ್ನು) ಕರೆಸಿ. ಕಂಬಿ ಎಷ್ಟು ಸವೆದಿದೆ ಎಂಬುದರ ಮೇಲೆ ದುರಸ್ತಿಯೋ ಹೊಸ ತಾರಸಿಯೋ ಎಂಬುದು ನಿಲ್ಲುತ್ತದೆ, ಮತ್ತು ಅದನ್ನು ಕಣ್ಣಂದಾಜಿನಲ್ಲಿ ಹೇಳಲಾಗದು.

ಕಂಬಿ ಚೆನ್ನಾಗಿದ್ದು ನೀರು ಮಾತ್ರ ಇಳಿಯುತ್ತಿದ್ದರೆ ಬದಲಿಸಬೇಕಾದದ್ದು ಮೇಲಿನ ನೀರು ತಡೆಯುವ ಪದರವನ್ನಷ್ಟೇ. ಮಳೆ ನಿಂತು 48 ಗಂಟೆಯಾದರೂ ತಾರಸಿಯಲ್ಲಿ ನೀರು ನಿಂತಿದ್ದರೆ ಇಳಿಜಾರು ಸಾಲದು. ಪ್ರತಿ ಮೀಟರಿಗೆ 1ರಿಂದ 2 ಸೆಂಟಿಮೀಟರ್ ವಾಟ ಇರಬೇಕು. ಇಲ್ಲಿನ ದೊಡ್ಡ ತಪ್ಪೆಂದರೆ, ಸೋರಿದಾಗಲೆಲ್ಲ ಹಳೆಯದನ್ನು ಕೀಳದೆ ಅದರ ಮೇಲೆಯೇ ಹೊಸ ಗಾರೆ ಸುರಿಯುವುದು. 5 ಸೆಂಟಿಮೀಟರ್ ಗಾರೆ ಎಂದರೆ ಪ್ರತಿ ಚದರ ಮೀಟರಿಗೆ ಸುಮಾರು 100 ಕಿಲೋ ಭಾರ. ಮೂರು ಸಲ ಹೀಗೆ ಮಾಡಿದರೆ, 12 ಸೆಂಟಿಮೀಟರ್ ದಪ್ಪದ ತಾರಸಿಯ ಮೇಲೆ ಅದೇ ತೂಕದ ಇನ್ನೊಂದು ತಾರಸಿಯನ್ನು ಹೇರಿದಂತೆ. ಒಳಗಿನಿಂದ ನೀರು ನಿರೋಧಕ ಬಣ್ಣ ಬಳಿಯುವುದೂ ಅಷ್ಟೇ ಕೆಟ್ಟದ್ದು. ಕಲೆ ಮರೆಯಾಗುತ್ತದೆ, ನೀರು ಕಂಬಿಯ ಬಳಿಯೇ ಉಳಿದುಕೊಳ್ಳುತ್ತದೆ.

6. ಎಲುಬುಗೂಡನ್ನು ಚುಚ್ಚಿ ನೋಡಿ

ಮರದ ಚಾವಣಿಯಾದರೆ ಇದೇ ನಿರ್ಣಾಯಕ ಹಂತ. ತೊಲೆಯ ತುದಿ ಗೋಡೆಯೊಳಗೆ ಹೋಗುವ ಜಾಗ, ಪಕಾಸಿನ ಸೂರಿನ ಕಡೆಯ ತುದಿ, ಹಿಂದೆ ಸೋರಿದ ಕಲೆಯ ಕೆಳಗೆ, ಈ ಮೂರು ಕಡೆ ಸ್ಕ್ರೂಡ್ರೈವರಿನಿಂದ ಒತ್ತಿ. ಒಳ್ಳೆಯ ಮರ ತುದಿಯನ್ನು ತಡೆದು ನಿಲ್ಲಿಸುತ್ತದೆ, ಎಬ್ಬಿದರೆ ಉದ್ದನೆಯ ಸಿಬಿರಾಗಿ ಏಳುತ್ತದೆ. ಕೊಳೆತ ಮರದಲ್ಲಿ ತುದಿ ಬೆಲ್ಲದಚ್ಚಿಗೆ ಇಳಿದಂತೆ ಇಳಿಯುತ್ತದೆ, ಎಬ್ಬಿದರೆ ಚೌಕ ಚೌಕವಾಗಿ ಪುಡಿಯಾಗುತ್ತದೆ. ಮೇಲ್ಮೈಯ ಬಣ್ಣ ಮತ್ತು ವಾರ್ನಿಷು ಮೋಸ ಮಾಡುತ್ತವೆ; ಗೆದ್ದಲು ತಿಂದ ತೊಲೆಯ ಹೊರಗಿನ ತೆಳು ಸಿಪ್ಪೆ ಕೊನೆಯವರೆಗೂ ಅಂದವಾಗಿಯೇ ಇರುತ್ತದೆ. ಮರದ ಕೆಳಗೆ ಹಿಟ್ಟಿನಂಥ ಪುಡಿ ಬಿದ್ದಿದ್ದರೆ ಗುಡಿಸಿ, ವಾರ ಬಿಟ್ಟು ನೋಡಿ. ಮತ್ತೆ ಬಿದ್ದಿದ್ದರೆ ಕುಟ್ಟೆ ಹುಳ ಇನ್ನೂ ಒಳಗಿದೆ.

ತೇವ ಅಳೆಯುವ ಸಣ್ಣ ಉಪಕರಣ ಸಿಕ್ಕರೆ ಬಳಸಿ. ಮರದ ತೇವಾಂಶ ಶೇ 20ಕ್ಕಿಂತ ಕೆಳಗಿದ್ದರೆ ಕೊಳೆಸುವ ಶಿಲೀಂಧ್ರ ಬೆಳೆಯಲಾರದು. ಶೇ 28ರ ಆಸುಪಾಸಿಗೆ ಏರಿ ಅಲ್ಲೇ ನಿಂತರೆ ಕೊಳೆತ ಖಚಿತ. ಒಂದೆರಡು ಪಕಾಸು ಹೋಗಿದ್ದರೆ ಅವನ್ನು ಮಾತ್ರ ಬದಲಿಸಬಹುದು. ತೊಲೆಗಳೇ ಹೋಗಿದ್ದರೆ ಮೇಲಿನ ಹೊದಿಕೆ ಎಷ್ಟೇ ಚೆನ್ನಾಗಿದ್ದರೂ ಎಲ್ಲವನ್ನೂ ಇಳಿಸದೆ ಗತಿಯಿಲ್ಲ, ಮತ್ತು ಮುಂದಿನ ಮಳೆಯವರೆಗೆ ಕಾಯುವುದೂ ಸಲ್ಲದು.

7. ಲೆಕ್ಕ ಹಾಕಿ ತೀರ್ಮಾನಿಸಿ

ಈಗ ನಿಮ್ಮ ನೋಟ್‌ಬುಕ್ಕಿನಿಂದ ಮೂರು ಪ್ರಶ್ನೆಗಳಿಗೆ ಉತ್ತರ ತೆಗೆಯಿರಿ. ಎಲುಬುಗೂಡು ಗಟ್ಟಿಯಾಗಿದೆಯೇ? ಹಾಳಾದ ಭಾಗ ಒಟ್ಟು ಚಾವಣಿಯ ಎಷ್ಟನೇ ಪಾಲು? ಸೋರಿಕೆ ಅದೇ ಜಾಗದಲ್ಲಿ ಮರುಕಳಿಸುತ್ತಿದೆಯೋ, ವರ್ಷ ವರ್ಷ ಹೊಸ ಜಾಗದಲ್ಲಿ ಕಾಣುತ್ತಿದೆಯೋ? ಅದೇ ಜಾಗದಲ್ಲಿ ಮರುಕಳಿಸುವ ಸೋರಿಕೆ ಸರಿಯಾಗಿ ಮಾಡದ ದುರಸ್ತಿಯ ಗುರುತು. ಹೊಸ ಹೊಸ ಜಾಗಗಳಲ್ಲಿ ಏಳುವುದು ಹೊದಿಕೆಯೇ ಒಟ್ಟಾಗಿ ಮುಪ್ಪಾದದ್ದರ ಗುರುತು. ಹಾಳಾದ ಪಾಲು ಕಾಲು ಭಾಗ ದಾಟಿದ್ದರೆ ನಾನು ತೇಪೆಯ ಪರವಾಗಿ ಮಾತನಾಡುವುದಿಲ್ಲ.

ಆದರೂ ಅನುಮಾನವಿದ್ದರೆ ಎರಡಕ್ಕೂ ವರ್ಷದ ಲೆಕ್ಕ ಹಾಕಿ. ಹೊಸ ಚಾವಣಿ 30 ವರ್ಷ ಬಾಳುವುದಾದರೆ ಅದರ ಒಂದು ವರ್ಷದ ವೆಚ್ಚ ಒಟ್ಟು ಮೊತ್ತದ ಮೂವತ್ತನೇ ಒಂದು ಭಾಗ. ಹೊಸ ಚಾವಣಿಯ ಮೂರನೇ ಒಂದು ಪಾಲು ಹಣ ತಿಂದು 3 ವರ್ಷ ಮಾತ್ರ ತಡೆಯುವ ದುರಸ್ತಿಯ ಒಂದು ವರ್ಷದ ವೆಚ್ಚ ಒಂಬತ್ತನೇ ಒಂದು ಭಾಗ, ಅಂದರೆ ಮೂರು ಪಟ್ಟಿಗೂ ಹೆಚ್ಚು. ಅದೇ, ಇಪ್ಪತ್ತನೇ ಒಂದು ಪಾಲು ಹಣದಲ್ಲಿ 5 ವರ್ಷ ತಡೆಯುವ ದುರಸ್ತಿಯಾದರೆ ಕಣ್ಣುಮುಚ್ಚಿ ದುರಸ್ತಿಯನ್ನೇ ಆರಿಸಿ. ಚಾವಣಿಯ ಮೇಲೆ ಸೌರ ಫಲಕ ಹಾಕಿಸುವ ಯೋಚನೆಯಿದ್ದರೆ ಲೆಕ್ಕ ಬದಲಾಗುತ್ತದೆ. ಫಲಕ 25 ವರ್ಷ ಕೂರುವಂಥದ್ದು. ಅದಕ್ಕಿಂತ ಮೊದಲೇ ಮುಗಿಯುವ ಚಾವಣಿಯ ಮೇಲೆ ಅದನ್ನು ಕೂರಿಸಿದರೆ ನಡುವೆ ಎಲ್ಲವನ್ನೂ ಕಳಚಿ ಮತ್ತೆ ಜೋಡಿಸುವ ಖರ್ಚು ತಪ್ಪದು.

8. ಬದಲಿಸುವುದೇ ಎಂದಾದರೆ

ಹೊದಿಕೆಯ ಬಗೆಯನ್ನು ಬದಲಾಯಿಸುವ ಮುನ್ನ ತೂಕವನ್ನು ಯೋಚಿಸಿ. ಮಣ್ಣಿನ ಹೆಂಚು ಚದರ ಮೀಟರಿಗೆ ಸುಮಾರು 40 ಕಿಲೋ ಭಾರ, ಲೋಹದ ತಗಡು ಸುಮಾರು 5 ಕಿಲೋ. ತಗಡಿಗೆಂದು ಕಟ್ಟಿದ ಗೂಡಿನ ಮೇಲೆ ಹೆಂಚು ಹೇರಿದರೆ ಅದು ಬಾಗುತ್ತದೆ ಎಂಬುದು ಎಲ್ಲರಿಗೂ ಹೊಳೆಯುತ್ತದೆ. ಹೆಂಚು ತೆಗೆದು ತಗಡು ಹಾಕಿದಾಗ, ಇಷ್ಟು ದಿನ ತನ್ನ ಭಾರದಿಂದಲೇ ಗಾಳಿಗೆ ತಡೆದು ನಿಂತಿದ್ದ ಚಾವಣಿ ಹಗುರಾಗಿ ಹಾರಿಹೋಗಬಹುದು ಎಂಬುದು ಮಾತ್ರ ಹೆಚ್ಚಿನವರಿಗೆ ಹೊಳೆಯುವುದಿಲ್ಲ. ಆಗ ತಗಡನ್ನು ಗೂಡಿಗೆ, ಗೂಡನ್ನು ಗೋಡೆಗೆ ಬಿಗಿಯುವ ಪಟ್ಟಿಗಳು ಕಡ್ಡಾಯ.

ಕೆಲಸಕ್ಕೆ ಒಣ ಕಾಲವನ್ನು ಆರಿಸಿ, ಒಂದು ದಿನಕ್ಕೆ ಮುಚ್ಚಬಹುದಾದಷ್ಟನ್ನೇ ಆ ದಿನ ಬಿಚ್ಚಲು ಹೇಳಿ, ಟಾರ್ಪಾಲು ಮೊದಲೇ ತರಿಸಿಡಿ. ಕನಿಷ್ಠ ಇಬ್ಬರು ಗುತ್ತಿಗೆದಾರರಿಂದ ಬರಹದಲ್ಲಿ ಅಂದಾಜು ಪಡೆಯಿರಿ. ಹಳೆಯದನ್ನು ಇಳಿಸಿ ಸಾಗಿಸುವುದು, ಸಂದುಗಳ ಹೊಸ ತಗಡು, ತಿರುಪಿನ ಬಗೆ, ತಗಡಿನ ದಪ್ಪ ಇವೆಲ್ಲ ಅದರಲ್ಲಿ ಬೇರೆ ಬೇರೆಯಾಗಿ ನಮೂದಾಗಿರಲಿ. ಬಿಚ್ಚಿದ ಮೇಲೆ ಕೊಳೆತ ಮರ ಸಿಕ್ಕರೆ ಅಡಿಗೆ ಇಷ್ಟು ಎಂಬ ದರವನ್ನು ಮೊದಲೇ ಬರೆಸಿಕೊಳ್ಳಿ, ಏಕೆಂದರೆ ಚಾವಣಿ ತೆರೆದು ಕೂತ ಮನೆಯ ಯಜಮಾನರಿಗೆ ಚೌಕಾಶಿ ಮಾಡುವ ಬಲ ಉಳಿದಿರುವುದಿಲ್ಲ. ಹೊಸ ಹೊದಿಕೆ ಮುಚ್ಚುವ ಮೊದಲು ಗೂಡಿನ ಪ್ರತಿ ಮೂಲೆಯ ಚಿತ್ರ ತೆಗೆದಿಟ್ಟುಕೊಳ್ಳಿ. ಕೆಲಸ ಮುಗಿದ ಮೇಲೆ ಉಳಿದ ಹೆಂಚುಗಳನ್ನು ವಾಪಸು ಕಳಿಸಬೇಡಿ. ಇಪ್ಪತ್ತು ಮೂವತ್ತು ಹೆಂಚುಗಳನ್ನು ಗೋಡೆಯ ಬದಿಗೆ ನೆಟ್ಟಗೆ ನಿಲ್ಲಿಸಿಡಿ. ಮುಂದೆ ನಾಲ್ಕು ಹೆಂಚು ಒಡೆದಾಗ ಅದೇ ಅಚ್ಚಿನದು ಸಿಗುವುದು ಕಷ್ಟ, ಮತ್ತು ಬೇರೆ ಅಚ್ಚಿನ ಹೆಂಚು ಪಕ್ಕದ ಹೆಂಚಿನ ಗಾಡಿಯಲ್ಲಿ (ಅಂಚಿನ ತೋಡಿನಲ್ಲಿ) ಸರಿಯಾಗಿ ಕೂರುವುದಿಲ್ಲ.